ಸ್ಟೂಲುಗಳು ಗೋದಾಮಿಗೆ ಹೋದದ್ದು

ಮ್ಯಾನೇಜರು ಪರದೆಯ ಮೇಲೆ ಮೊದಲು ತೋರಿಸಿದ್ದು ಒಂದು ಕಂಬಳಿಹುಳು. ಆಮೇಲೆ ಅದರ ಗೂಡು. ಆಮೇಲೆ, ಎಲ್ಲರೂ ಬೆರಗಾಗಲಿ ಎಂದು ಸ್ವಲ್ಪ ಹೊತ್ತು ಕಾಯಿಸಿ, ಒಂದು ಚಿಟ್ಟೆ. ಊಟದ ಕೋಣೆಯ ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತಿದ್ದ ಹೊಲಿಗೆ ಹೆಂಗಸರಲ್ಲಿ ಒಬ್ಬಳೂ ಬೆರಗಾಗಲಿಲ್ಲ. ಹುಳು ಚಿಟ್ಟೆಯಾಗುವುದು ಅವರ ಮನೆಯ ಮಕ್ಕಳಿಗೂ ಗೊತ್ತು. ಅದನ್ನು ಊಟದ ಬಿಡುವು ತಿಂದುಹಾಕಿ ಯಾಕೆ ತೋರಿಸುತ್ತಿದ್ದಾರೆ ಎನ್ನುವುದಷ್ಟೇ ಯಾರಿಗೂ ಗೊತ್ತಿರಲಿಲ್ಲ.

“ಬದಲಾವಣೆಗೆ ಹೆದರಬಾರದು,” ಎಂದರು ಮ್ಯಾನೇಜರು. “ಹುಳು ಹೆದರಿದ್ರೆ ಚಿಟ್ಟೆ ಆಗ್ತಿತ್ತಾ? ನೀವೂ ಚಿಟ್ಟೆಗಳಾಗಬೇಕು. ಮುಂದಿನ ತಿಂಗಳಿಂದ ನಮ್ಮ ಹಾಲ್‌ನಲ್ಲಿ ಎಲ್ಲರೂ ನಿಂತ್ಕೊಂಡೇ ಹೊಲಿಯೋದು. ರಕ್ತ ಚೆನ್ನಾಗಿ ಓಡುತ್ತೆ, ಮೈ ಚುರುಕಾಗುತ್ತೆ, ಬೆನ್ನುನೋವು ಅನ್ನೋದೇ ಇರಲ್ಲ.”

ಇಷ್ಟೆಲ್ಲ ಹೇಳುವಾಗ ಆ ಮಹಾಶಯರು ಕೂತಿದ್ದರು. ಆಫೀಸಿನಿಂದ ತರಿಸಿಕೊಂಡ, ಕೆಳಗೆ ಚಕ್ರಗಳಿದ್ದ ಮೆತ್ತನೆಯ ಕುರ್ಚಿಯಲ್ಲಿ ಒರಗಿ, ಮಾತಿಗೊಮ್ಮೆ ಎಡಕ್ಕೂ ಬಲಕ್ಕೂ ತಿರುಗುತ್ತ, ನಿಲ್ಲುವುದರಿಂದ ಮನುಷ್ಯನಿಗಾಗುವ ಉಪಕಾರಗಳನ್ನು ವರ್ಣಿಸುತ್ತಿದ್ದರು. ಬೇರೆ ಯಾವುದೋ ದೇಶದ ಕಾರ್ಖಾನೆಗೆ ಹೋಗಿ ಎರಡು ದಿನ ಓಡಾಡಿ ಬಂದಿದ್ದರಂತೆ. ಅಲ್ಲಿ ಎಲ್ಲರೂ ನಗುನಗುತ್ತ ನಿಂತಿದ್ದರಂತೆ. ನೋಡಲು ಬಂದವರ ಮುಂದೆ ಯಾರು ತಾನೇ ಅಳುತ್ತ ನಿಲ್ಲುತ್ತಾರೆ?

ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಸೂಪರ್‌ವೈಸರ್ ಹೆಂಗಸು ಪಕ್ಕದವಳ ಕಿವಿಗೆ ಬಗ್ಗಿದಳು. ಬಗ್ಗಿದರೂ ಆ ಸಾಲಿಗೆಲ್ಲ ಕೇಳುವಷ್ಟೇ ಜೋರಾಗಿ ಹೇಳಿದಳು.

“ಹುಳಕ್ಕೆ ಕಾಲು ಎಷ್ಟಿರ್ತವೆ ಕೇಳ್ರೇ. ನಮಗೂ ಅಷ್ಟು ಕಾಲು ಕೊಡ್ಸಿದ್ರೆ ನಾವೂ ನಿಲ್ತೀವಂತೆ.”

ಸಾಲಿಗೆ ಸಾಲೇ ಕಿಸಕ್ಕೆಂದಿತು. ಅವತ್ತಿನಿಂದ ಮ್ಯಾನೇಜರ ಹೆಸರು ಚಿಟ್ಟೆ.

ಆ ಸೂಪರ್‌ವೈಸರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ. ಶಾಲೆಯ ಮಕ್ಕಳ ಬ್ಯಾಗು ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳೂ ಮೊದಲು ಮಷೀನಿನ ಮುಂದೆ ಕೂತವಳೇ. ಆಮೇಲೆ ಮೇಲಿನವರು ಅವಳ ಗಂಟಲು ನೋಡಿ ಹಾಲ್‌ನ ಮೇಲ್ವಿಚಾರಣೆಗೆ ಹಾಕಿದರು. ಅವಳ ಬಾಯಿಗೆ ಬಿದ್ದು ಬಚಾವಾದವರಿಲ್ಲ. ಹಿಂದಿನ ಮ್ಯಾನೇಜರು ಮಾತಿಗೊಮ್ಮೆ ಮೂಗೇರಿಸುತ್ತಿದ್ದ ಪಾಪದ ಮನುಷ್ಯ; ಅವನಂತೆ ಇವಳು ಮೂಗೇರಿಸಿ ತೋರಿಸಿದರೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದಿನವಿಡೀ ದಪ್ಪ ಬಟ್ಟೆಗೆ ಸೂಜಿ ಚುಚ್ಚಿ ಚುಚ್ಚಿ ತಲೆ ಕೆಟ್ಟವರಿಗೆ ಅವಳ ಒಂದು ಮಾತು ಸಿಕ್ಕಿದರೆ ಸಂಜೆಯವರೆಗೆ ಸಾಕಾಗುತ್ತಿತ್ತು.

ಹಾಲ್‌ನ ಕೊನೆಯ ಮಷೀನು ಅವಳ ತಂಗಿಯದು. ಸ್ವಂತ ತಂಗಿ. ಚಿಕ್ಕವಳಿದ್ದಾಗ ಮೆಟ್ಟಿಲಿಂದ ಬಿದ್ದು ಎಡಗಾಲಿನ ಮಂಡಿ ಮುರಿದುಕೊಂಡಿದ್ದಳು. ಕಟ್ಟು ಹಾಕಿದವರು ಹೇಗೆ ಹಾಕಿದರೋ, ಅದು ನೆಟ್ಟಗೆ ಕೂಡಿಕೊಳ್ಳಲೇ ಇಲ್ಲ. ಕೂತರೆ ರಾಣಿ, ನಿಂತರೆ ಅರ್ಧ ಗಂಟೆಗೆಲ್ಲ ಮಂಡಿ ಊದಿಕೊಳ್ಳುತ್ತಿತ್ತು. ಬೇರೆ ಕಡೆ ಕೆಲಸ ಕೇಳಲು ಹೋದಾಗಲೆಲ್ಲ ಗೇಟಿನಿಂದ ಬಾಗಿಲವರೆಗೆ ಅವಳು ನಡೆದು ಬರುವ ರೀತಿಯನ್ನು ನೋಡಿಯೇ ಇಲ್ಲ ಎಂದು ಕಳಿಸಿದ್ದರು. ಇಲ್ಲಿ ಮಾತ್ರ ಅವಳು ನಡೆಯುವುದನ್ನು ಯಾರೂ ನೋಡಲಿಲ್ಲ, ಹೊಲಿಯುವುದನ್ನು ನೋಡಿದರು. ಬ್ಯಾಗಿನ ಭುಜದ ಪಟ್ಟಿ ಕೂರಿಸುವುದರಲ್ಲಿ ಅವಳ ಕೈ ಗಟ್ಟಿ. ಈ ಕೆಲಸ ಹೋದರೆ ಅವಳಿಗೆ ಇನ್ನೊಂದಿಲ್ಲ. ಅದು ಅಕ್ಕನಿಗೂ ಗೊತ್ತು, ಅವಳಿಗೂ ಗೊತ್ತು.

ಇನ್ನು ಆ ಹಾಲ್‌ನ ಸ್ಟೂಲುಗಳ ವಿಷಯ ಹೇಳಬೇಕು. ಕಾರ್ಖಾನೆ ಹೊಸಬಳಿಗೆ ಮಷೀನು ಕೊಡುತ್ತಿತ್ತು, ಕೂರಲು ಏನೂ ಕೊಡುತ್ತಿರಲಿಲ್ಲ. ಬಂದವಳು ಮೊದಮೊದಲು ಜಿಪ್ಪಿನ ಪೆಟ್ಟಿಗೆಯ ಮೇಲೆ ಕೂರುತ್ತಿದ್ದಳು. ಇವಳು ನಿಲ್ಲುವವಳು, ಓಡಿಹೋಗುವವಳಲ್ಲ ಎಂದು ಹಾಲ್‌ಗೆ ಅನ್ನಿಸಿದ ಮೇಲೆ ಎಲ್ಲರೂ ಸೇರಿ ಅವಳಿಗೊಂದು ಸ್ಟೂಲು ಮಾಡಿಕೊಡುತ್ತಿದ್ದರು. ಒಡೆದ ಪೆಟ್ಟಿಗೆಗಳ ಹಲಗೆ, ಉಳಿದ ಸ್ಪಂಜಿನ ಚೂರು, ಹೊದಿಕೆಗೆ ಬ್ಯಾಗಿನದೇ ಬಟ್ಟೆ. ಅವಳನ್ನು ಕೂರಿಸಿ, ಪೆಡಲು ತುಳಿಸಿ, ಒಬ್ಬಳು ಮೇಜಿನ ಕೆಳಗೆ ನುಗ್ಗಿ ಮಂಡಿ ಎಷ್ಟು ಮಡಚುತ್ತದೆ ನೋಡಿ, ಅದಕ್ಕೆ ಸರಿಯಾಗಿ ಸ್ಟೂಲಿನ ಕಾಲು ಕೊಯ್ಯುತ್ತಿದ್ದಳು. ಒಬ್ಬಳ ಸ್ಟೂಲಿನ ಮೇಲೆ ಇನ್ನೊಬ್ಬಳು ಕೂರುವಂತಿರಲಿಲ್ಲ. ಕೆಲಸ ಬಿಟ್ಟವಳು ಅದನ್ನು ಬಗಲಲ್ಲಿ ಇಟ್ಟುಕೊಂಡೇ ಗೇಟು ದಾಟುತ್ತಿದ್ದಳು. “ನಿಂದು ಸ್ಟೂಲಾಯ್ತಾ?” ಎಂದರೆ ನೀನು ನಮ್ಮವಳಾದೆಯಾ ಎಂದು ಕೇಳಿದ ಹಾಗೆ.

ಅಂಥ ಸ್ಟೂಲುಗಳನ್ನು ಬಿಡಿ ಎಂದು ಚಿಟ್ಟೆ ಹೇಳಿದ ದಿನ ಹಾಲ್ ಕುದಿಯಿತು. ಉದ್ದಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಎತ್ತರದ ಹೆಂಗಸು ಮೊದಲು ಎದ್ದಳು. ಬಾಬಿನ್ನು ಬದಲಾಯಿಸುವ ನೆಪದಲ್ಲಿ ಸಾಲುಸಾಲಾಗಿ ಓಡಾಡಿ ಎಲ್ಲರ ಬಾಯಿಂದಲೂ ಹೂಂ ಎನ್ನಿಸಿಕೊಂಡಳು. ಕೊನೆಗೆ ಅಕ್ಕನ ಹತ್ತಿರ ಬಂದಳು.

“ಯಾರೂ ಏಳಲ್ಲ ಅಂತ ಆಗಿದೆ ಅಕ್ಕ. ಎಷ್ಟು ಜನರನ್ನ ಹೊರಗೆ ಹಾಕ್ತಾನೆ? ನೀನೊಂದು ಹೂಂ ಅನ್ನು, ಮುಗೀತು.”

“ನೋಡೋಣ ತಡಿಯೇ,” ಎಂದಳು ಅಕ್ಕ. ಆ ಹೊತ್ತಿಗೆ ಅವಳನ್ನು ಆಫೀಸಿಗೆ ಕರೆದಿದ್ದರು.

ಮ್ಯಾನೇಜರ ಕೋಣೆಯಲ್ಲಿ ಗಾಜಿನ ಕಿಟಕಿಯಿಂದ ಇಡೀ ಹಾಲ್ ಕಾಣುತ್ತಿತ್ತು. “ಬನ್ನಿ ಲೀಡರ್, ಕೂತ್ಕೊಳ್ಳಿ,” ಎಂದರು ಅವರು. ಲೀಡರಂತೆ! ಅಲ್ಲಿಯವರೆಗೆ ಆ ಬಾಯಲ್ಲಿ ಅವಳಿಗೆ ‘ಏನಮ್ಮ’ ಬಿಟ್ಟರೆ ಬೇರೆ ಹೆಸರಿರಲಿಲ್ಲ. “ನಾಯಕತ್ವ ಅಂದ್ರೆ ಏನು ಗೊತ್ತಾ? ಜನರನ್ನ ತಳ್ಳೋದಲ್ಲ. ಅವರೇ ಬಯಸಿ ಹೆಜ್ಜೆ ಇಡೋ ಹಾಗೆ ಮಾಡೋದು. ನನ್ನ ಮಾತು ಅವರು ಕೇಳಲ್ಲ. ನಿಮ್ಮ ಮಾತು ಕೇಳ್ತಾರೆ.”

“ನನ್ನ ತಂಗಿ ಕಾಲು ನಿಮಗೆ ಗೊತ್ತಲ್ಲ ಸಾರ್.”

“ನಿಲ್ಲೋಕಾಗದವರಿಗೆ ಮುಂದೆ ಈ ಹಾಲ್‌ನಲ್ಲಿ ಜಾಗ ಇರಲ್ಲ.” ಕುರ್ಚಿಯನ್ನು ಅರ್ಧ ತಿರುಗಿಸಿ, “ಆದ್ರೆ ಎಲ್ಲರೂ ನಿಂತಿರುವಾಗ ಒಬ್ಬರು ಕೂತಿದ್ರೆ ಪ್ರಪಂಚ ಏನು ಮುಳುಗಿಹೋಗಲ್ಲ. ಏನಂತೀರಿ?” ಎಂದರು.

ಅವಳ ಎದೆ ಹಗುರವಾಯಿತು. ಆ ಹಗುರವನ್ನು ಅವಳು ಜಾಣತನವೆಂದುಕೊಂಡಳು. ಇವನು ಇವತ್ತಲ್ಲ ನಾಳೆ ಹೇಗೂ ಎಬ್ಬಿಸುತ್ತಾನೆ, ಮುಳುಗುವ ಕಡೆ ಒಬ್ಬಳಾದರೂ ಉಳಿಯಲಿ ಎಂದು ತನಗೆ ತಾನೇ ಹೇಳಿಕೊಂಡು, ಹೂಂ ಎಂದಳು. ಹೊರಗೆ ಬರುವಷ್ಟರಲ್ಲಿ ತಾನೇ ಚಿಟ್ಟೆಗೆ ಟೋಪಿ ಹಾಕಿದೆ ಎಂಬಷ್ಟು ಖುಷಿಯಾಗಿತ್ತು. ಯಾರಿಗೆ ಯಾರು ಹಾಕಿದರು ಎನ್ನುವುದು ತಿಳಿಯಲು ಅವಳಿಗೆ ಇನ್ನೂ ಬಹಳ ದಿನ ಬೇಕಿತ್ತು.

ಉದ್ದಕ್ಕ ಬಾಗಿಲಲ್ಲೇ ಕಾದಿದ್ದಳು. “ಏನಾಯ್ತು?”

“ಅಯ್ಯೋ ಬಿಡೇ, ಚಿಟ್ಟೆ ಆಯಸ್ಸು ಎಷ್ಟು ದಿನ?” ಎಂದಳು ಅಕ್ಕ, ಎರಡು ಕೈಯನ್ನೂ ಪಟಪಟ ಬಡಿಯುತ್ತ. “ಅವನ ಆಸೆ ಯಾಕೆ ತಪ್ಪಿಸ್ಬೇಕು? ಸ್ವಲ್ಪ ದಿನ ನಿಂತು ತೋರ್ಸೋಣ. ಬ್ಯಾಗೆಲ್ಲ ಸೊಟ್ಟಸೊಟ್ಟ ಆಗ್ಲಿ. ಆಮೇಲೆ ಅವನೇ ಸ್ಟೂಲುಗಳನ್ನ ತಲೆ ಮೇಲೆ ಹೊತ್ಕೊಂಡು ಬಂದು ‘ಕೂತ್ಕೊಳ್ರಮ್ಮಾ’ ಅಂತ ಕಾಲಿಗೆ ಬೀಳ್ತಾನೆ.”

ಉದ್ದಕ್ಕನಿಗೆ ಮೊದಲು ಅನುಮಾನ, ಆಮೇಲೆ ನಗು. ಒಬ್ಬೊಬ್ಬಳಿಗೂ ಅಕ್ಕ ಇದೇ ಮಾತನ್ನು ಉಪ್ಪು ಖಾರ ಬೆರೆಸಿ ಹೇಳಿದಳು. ನಿಗದಿಯಾದ ದಿನ ಬಂದಾಗ ಸ್ಟೂಲುಗಳನ್ನು ಗೋದಾಮಿಗೆ ಸಾಗಿಸುವ ಕೆಲಸವನ್ನೇ ಒಂದು ಆಟ ಮಾಡಿಬಿಟ್ಟಳು. ಹೆಂಗಸರೆಲ್ಲ ತಂತಮ್ಮ ಸ್ಟೂಲನ್ನು ತಲೆಯ ಮೇಲಿಟ್ಟುಕೊಂಡು ಸಾಲಾಗಿ ನಡೆದರು. ಮುಂದೆ ಅಕ್ಕ, ಮಷೀನಿಗೆ ಹೊದಿಸುವ ಬಟ್ಟೆಯನ್ನು ಭುಜಕ್ಕೆ ಕಟ್ಟಿಕೊಂಡು, ರೆಕ್ಕೆ ಬಡಿಯುತ್ತ, ಕುಪ್ಪಳಿಸುತ್ತ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು ಎಲ್ಲರೂ. ಹಾಗೆ ನಗುನಗುತ್ತಲೇ, ಇಷ್ಟು ವರ್ಷ ಕೂತಿದ್ದ ಜಾಗವನ್ನು ತಾವೇ ಹೊತ್ತು ಗೋದಾಮಿನೊಳಗಿಟ್ಟು ಬಂದರು. ಬಾಗಿಲಿಗೆ ಬೀಗ ಬಿತ್ತು. ಗಾಜಿನ ಹಿಂದೆ ಮ್ಯಾನೇಜರು ಕೈಕಟ್ಟಿ ನಿಂತು ನೋಡುತ್ತಿದ್ದರು. ಅವರೂ ನಗುತ್ತಿದ್ದರು, ಅದನ್ನು ಯಾರೂ ಗಮನಿಸಲಿಲ್ಲ.

ಮಷೀನುಗಳ ಮೇಜನ್ನು ಎತ್ತರಿಸಿದ್ದರು. ಎಷ್ಟು ಎತ್ತರ? ಎಲ್ಲ ಹೆಂಗಸರ ಸರಾಸರಿ ಎತ್ತರಕ್ಕೆ ಸರಿಯಾಗಿ. ಆ ಸರಾಸರಿ ಹೆಂಗಸು ಮಾತ್ರ ಹಾಲ್‌ನಲ್ಲಿ ಎಲ್ಲೂ ಇರಲಿಲ್ಲ. ಉದ್ದಕ್ಕ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಳು. ಗುಬ್ಬಿ ಎಂದು ಕರೆಸಿಕೊಳ್ಳುತ್ತಿದ್ದ ಗಿಡ್ಡನೆಯವಳು ಜಿಪ್ಪಿನ ಪೆಟ್ಟಿಗೆ ಹತ್ತಿ ನಿಂತಳು. ಒಂದು ಕಾಲು ಪೆಡಲಿನ ಮೇಲೆ, ಮೈಯ ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ. ಸಂಜೆ ಚಪ್ಪಲಿ ಹಾಕಿಕೊಳ್ಳಲು ಹೋದರೆ ಪಾದ ಒಳಗೆ ಹೋಗುತ್ತಿರಲಿಲ್ಲ. “ಆ ಸರಾಸರಿ ಹೆಂಗಸನ್ನ ಎಲ್ಲಿದ್ರೂ ಹುಡುಕಿ ಕರ್ಕೊಂಡ್ ಬನ್ರೇ,” ಎಂದಳು ಅಕ್ಕ. “ಅವಳೊಬ್ಬಳೇ ಎಲ್ಲಾ ಮಷೀನೂ ಓಡಿಸ್ಲಿ.” ಹೆಂಗಸರು ನಕ್ಕರು, ಮತ್ತೆ ಕಾಲು ಬದಲಾಯಿಸಿ ನಿಂತರು.

ಬ್ಯಾಗು ಸೊಟ್ಟ ಆಗಬೇಕಿತ್ತು ಅಲ್ಲವೇ? ಆಗಲಿಲ್ಲ. ಸೊಟ್ಟ ಹೊಲಿಯಲು ಅವರ ಕೈಗೆ ಬರುತ್ತಲೇ ಇರಲಿಲ್ಲ. ಗುಬ್ಬಿ ಒಂದು ದಿನ ಬೇಕೆಂದೇ ಒಂದು ಪಟ್ಟಿಯನ್ನು ವಾರೆಯಾಗಿ ಹೊಲಿದಳು. ಅದನ್ನು ನೋಡಿ ನೋಡಿ ತಡೆಯಲಾಗದೆ, ಬಿಚ್ಚಿ ಮತ್ತೆ ನೆಟ್ಟಗೆ ಹೊಲಿದಳು. ಕಾಲು ಸಾಯುತ್ತಿದ್ದರೂ ಇವರ ಹೊಲಿಗೆ ಮಾತ್ರ ನೂಲು ಹಿಡಿದ ಹಾಗೆ! ಪಾಪ, ಮುಷ್ಕರ ಹೂಡುವುದಕ್ಕೂ ಸ್ವಲ್ಪ ಕೆಟ್ಟ ಕೆಲಸಗಾರರಾಗಿರಬೇಕು. ಬ್ಯಾಗುಗಳು ಮೊದಲಿನಷ್ಟೇ ಚೆನ್ನಾಗಿ ಬಂದವು, ಚಿಟ್ಟೆಗೆ ತನ್ನ ಹುಳುವಿನ ಸಿದ್ಧಾಂತ ಸಾಬೀತಾಯಿತು, ಗೋದಾಮಿನ ಬೀಗ ಹಾಗೇ ಉಳಿಯಿತು.

ತಂಗಿ ಮಾತ್ರ ಕೊನೆಯ ಮಷೀನಿನಲ್ಲಿ, ಎತ್ತರಿಸದೆ ಬಿಟ್ಟಿದ್ದ ಮೇಜಿನ ಮುಂದೆ, ಕೂತು ಹೊಲಿಯುತ್ತಿದ್ದಳು. ಅವಳ ಕಾಲಿನ ಸ್ಥಿತಿ ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಅಸೂಯೆಪಡಲಿಲ್ಲ. ಮ್ಯಾನೇಜರಿಗೆ ಅಷ್ಟಾದರೂ ಕರುಣೆ ಇದೆಯಲ್ಲ ಎಂದುಕೊಂಡರು. ತಂಗಿಯೂ ಹಾಗೆಯೇ ಅಂದುಕೊಂಡಿದ್ದಳು.

ಕೊನೆಗೆ ಆ ಒಳಒಪ್ಪಂದವನ್ನು ಬಯಲು ಮಾಡಿದ್ದು ಚಿಟ್ಟೆಯೇ, ಅದೂ ಹೊಗಳುವ ಭರದಲ್ಲಿ. ಬದಲಾವಣೆ ಯಶಸ್ವಿಯಾಯಿತೆಂದು ಊಟದ ಕೋಣೆಯಲ್ಲಿ ಮತ್ತೊಂದು ಸಭೆ. ಎಲ್ಲರಿಗೂ ಎರಡೆರಡು ಬಿಸ್ಕತ್ತು. ಅಕ್ಕನನ್ನು ಮುಂದೆ ಕರೆದು, ಹೊಳೆಯುವ ಫಲಕವೊಂದನ್ನು ಕೈಗಿಟ್ಟು, ಮ್ಯಾನೇಜರು ಭಾಷಣ ಶುರು ಮಾಡಿದರು.

“ನಾಯಕತ್ವ ಪುಸ್ತಕದಿಂದ ಬರಲ್ಲ. ಇವರನ್ನ ನೋಡಿ ಕಲೀಬೇಕು. ಇಡೀ ಹಾಲ್‌ನ ನಿಲ್ಲಿಸಿಕೊಟ್ರು. ಬದಲಿಗೆ ಇವರು ನನ್ನ ಕೇಳಿದ್ದೇನು? ಬಡ್ತಿ ಕೇಳಿದ್ರಾ? ಇಲ್ಲ. ಒಂದೇ ಒಂದು ಸ್ಟೂಲು. ತಂಗಿಗೆ. ಎಂಥಾ ದೊಡ್ಡ ಮನಸ್ಸು! ಎಲ್ಲರೂ ಒಂದ್ಸಲ ಜೋರಾಗಿ ಚಪ್ಪಾಳೆ ತಟ್ಟಿ.”

ಚಪ್ಪಾಳೆ ತಟ್ಟಿದ್ದು ಅವರೊಬ್ಬರೇ. ಉದ್ದಕ್ಕ ಕೈಯಲ್ಲಿದ್ದ ಬಿಸ್ಕತ್ತನ್ನು ಮೆಲ್ಲಗೆ ತಟ್ಟೆಗೆ ವಾಪಸ್ಸಿಟ್ಟಳು. ಅಕ್ಕ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. “ಫಲಕ ಭಾರ ಇದೆ ಕಣ್ರೇ, ಮನೇಲಿ ಬಾಗಿಲಿಗೆ ಒತ್ತು ಕೊಡೋಕೆ ಆಗುತ್ತೆ,” ಎಂದಳು. ಯಾರೂ ನಗಲಿಲ್ಲ.

ಅಕ್ಕ ತಂಗಿ ಇಬ್ಬರದೂ ಒಂದೇ ಮನೆ. ಒಂದು ಕೋಣೆ, ಒಂದು ಅಡಿಗೆಮನೆ. ಅವತ್ತು ಸಂಜೆ ತಂಗಿ ಚಪ್ಪಲಿಯನ್ನೂ ಬಿಚ್ಚದೆ ಮಂಚದ ಅಂಚಿನಲ್ಲಿ ಕೂತಳು.

“ಅಷ್ಟೂ ಜನರನ್ನ ನನ್ನ ಕಾಲಿಗೋಸ್ಕರ ಮಾರಿಬಿಟ್ಯಾ?”

“ಕಾಲಿಗಲ್ಲ. ನಿನ್ನ ಹೊಟ್ಟೆಗೆ. ಈ ಕೆಲ್ಸ ಹೋದ್ರೆ ಯಾರು ಕರೀತಾರೆ ನಿನ್ನ?”

“ನನ್ನ ಒಂದು ಮಾತು ಕೇಳಿದ್ಯಾ?”

“ಕೇಳಿದ್ರೆ ಬೇಡ ಅಂತಿದ್ದೆ.”

“ಹಾಗಾದ್ರೆ ಗೊತ್ತಿತ್ತು ನಿಂಗೆ,” ಎಂದಳು ತಂಗಿ. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡಳು. ಆ ರಾತ್ರಿ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಊಟ ಮಾಡಿದರು.

ಮರುದಿನ ಹಾಲ್‌ನಲ್ಲಿ ಯಾರೂ ಅಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಅವಳೂ ನಾಲ್ಕು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ತಂಗಿ ಗುಬ್ಬಿಯನ್ನು ಕರೆದು, “ಬಾರೇ, ಸ್ವಲ್ಪ ಹೊತ್ತು ನೀನು ಕೂತ್ಕೋ,” ಎಂದು ತನ್ನ ಸ್ಟೂಲು ಬಿಟ್ಟುಕೊಟ್ಟಳು. ಗುಬ್ಬಿ ಹಿಂಜರಿದಳು, ಇನ್ನೊಬ್ಬಳ ಸ್ಟೂಲಿನ ಮೇಲೆ ಕೂರುವುದೆಂದರೆ ಆ ಹಾಲ್‌ನಲ್ಲಿ ಇನ್ನೊಬ್ಬಳ ಚಪ್ಪಲಿ ಮೆಟ್ಟಿಕೊಂಡು ಹೋದ ಹಾಗೆ. ತಂಗಿ ಅವಳ ರಟ್ಟೆ ಹಿಡಿದು ಕೂರಿಸಿದಳು. ತಾನು ಮೇಜಿಗೆ ಆತುಕೊಂಡು, ಹಲ್ಲು ಕಚ್ಚಿ, ಒಳ್ಳೆಯ ಕಾಲಿನ ಮೇಲೆ ನಿಂತಳು. ಗುಬ್ಬಿಯ ನಂತರ ಇನ್ನೊಬ್ಬಳು, ಅವಳ ನಂತರ ಮತ್ತೊಬ್ಬಳು. ಎರಡು ದಿನದಲ್ಲಿ ಸ್ಟೂಲು ಸಾಲಿನಿಂದ ಸಾಲಿಗೆ ಕೈಬದಲಾಗುತ್ತ ಹಾಲ್ ತುಂಬ ಸುತ್ತತೊಡಗಿತು. ಉದ್ದಕ್ಕ ಮಾತ್ರ ತನ್ನ ಸರದಿ ಬಂದಾಗ ಅದನ್ನು ತಂಗಿಯ ಹತ್ತಿರವೇ ವಾಪಸ್ಸು ಕಳಿಸಿದಳು.

ಗಾಜಿನ ಹಿಂದಿನಿಂದ ಮ್ಯಾನೇಜರು ನೋಡಿದರು. ಅಕ್ಕನನ್ನು ಕರೆಸಿದರು.

“ಆ ಸ್ಟೂಲು ತೆಗೆಸಿಬಿಡಿ ಲೀಡರ್. ಒಬ್ಬರು ಕೂತ್ರೆ ಎಲ್ಲರಿಗೂ ಕೂರೋ ಆಸೆ.”

“ಸಾರ್, ನೀವು ಮಾತು ಕೊಟ್ಟಿದ್ರಿ.”

“ಪರಿಸ್ಥಿತಿ ಬದಲಾಯ್ತಲ್ಲ. ಬದಲಾವಣೆಗೆ ನಾವೇ ಹೊಂದಿಕೊಳ್ಳದೆ ಇದ್ರೆ ಹೇಗೆ?” ಅವರ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. “ನಿಮಗೇನು ಕಷ್ಟ? ಏನಾದ್ರೂ ತಮಾಷೆ ಮಾಡಿ. ಚಿಟ್ಟೆ ಅಂತ ಕರೀತೀರಲ್ಲ ನನ್ನ, ರೆಕ್ಕೆ ಬಡಿದು ತೋರಿಸ್ತೀರಲ್ಲ, ಎಲ್ಲಾ ಗೊತ್ತು. ಕರೀಲಿ ಬಿಡಿ. ನನ್ನ ನೋಡಿ ನಗೋ ಜನ ನನ್ನ ಜೊತೆ ಜಗಳಕ್ಕೆ ಬರಲ್ಲ. ನಗಿಸೋರು ಒಬ್ಬರಿದ್ರೆ ನನ್ನ ಕೆಲಸ ಅರ್ಧ ಆದ ಹಾಗೆ.”

ಅಕ್ಕನ ಮೈಯೆಲ್ಲ ಉರಿಯಿತು. ಇಷ್ಟು ದಿನ ಯಾರನ್ನು ಪೆದ್ದನೆಂದು ಆಡಿಕೊಂಡಿದ್ದಳೋ ಅವನು ಇವಳ ನಾಲಗೆಯನ್ನು ಹಾಲ್‌ನ ಇನ್ನೊಂದು ಮಷೀನಿನಂತೆ ಓಡಿಸಿಕೊಂಡಿದ್ದ. ಇವಳು ಆಡಿದ ಒಂದೊಂದು ಕುಚೋದ್ಯವೂ ಅವನ ಸಂಬಳಕ್ಕೇ ದುಡಿದಿತ್ತು. ಥೂ ಎಂದು ಉಗಿಯಬೇಕೆನ್ನಿಸಿತು; ಯಾರ ಮುಖಕ್ಕೆ ಎನ್ನುವುದು ಗೊತ್ತಾಗಲಿಲ್ಲ.

ಹಾಲ್‌ಗೆ ಬಂದು ಕೊನೆಯ ಮಷೀನಿನವರೆಗೆ ನಡೆದಳು. ತಂಗಿ ಕೂತಿದ್ದಳು. ಎರಡು ದಿನ ನಿಂತದ್ದಕ್ಕೆ ಮಂಡಿ ಬಟ್ಟೆಯ ಮೇಲೂ ಕಾಣುವಷ್ಟು ಊದಿತ್ತು. ಅಕ್ಕ ಬಂದ ರೀತಿ ನೋಡಿಯೇ ಸುತ್ತಲಿನವರು ಪೆಡಲಿನಿಂದ ಕಾಲು ತೆಗೆದರು.

“ಸ್ಟೂಲು ತೆಗೀಬೇಕಂತೆ,” ಎಂದಳು ಅಕ್ಕ.

ತಂಗಿ ಹೊಲಿಯುತ್ತಿದ್ದ ಪಟ್ಟಿಯ ನೂಲು ಕತ್ತರಿಸಿ, ಬ್ಯಾಗನ್ನು ಪಕ್ಕಕ್ಕಿಟ್ಟಳು.

“ಏಳ್ತೀನಿ. ಆದ್ರೆ ಎಲ್ಲರನ್ನೂ ಎಬ್ಬಿಸಿದ ಹಾಗೇ ನನ್ನನ್ನೂ ಎಬ್ಬಿಸಬೇಕು. ನಗಿಸು ಅಕ್ಕ. ನಗಿಸಿ ಎಬ್ಬಿಸು.”

ಅಕ್ಕ ಬಾಯಿ ತೆರೆದಳು. ಚಿಟ್ಟೆಯ ಮಾತು, ಸರಾಸರಿ ಹೆಂಗಸಿನ ಮಾತು, ಆಫೀಸಿನ ಕುರ್ಚಿಯ ಮಾತು, ಎಲ್ಲ ನಾಲಗೆಯ ತುದಿಗೆ ಬಂದವು. ಊದಿದ ಆ ಮಂಡಿಯ ಮುಂದೆ ಒಂದೂ ಹೊರಗೆ ಬೀಳಲಿಲ್ಲ. ತಂಗಿ ಕಾಯುತ್ತಿದ್ದಳು; ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಹಾಲ್‌ನ ಎಲ್ಲರೂ ಕಾಯುತ್ತಿದ್ದರು. ಅಕ್ಕ ತಂಗಿಯ ಸ್ಟೂಲಿನ ಪಕ್ಕದಲ್ಲಿ, ನೂಲಿನ ಚೂರುಗಳ ನಡುವೆ, ನೆಲದ ಮೇಲೆ ಕುಸಿದು ಕೂತಳು. ಬೇಕೆಂದೇ ಕೂತಳೋ, ಕಾಲು ಸೋತು ಕೂತಳೋ, ಅದು ಅವಳಿಗೂ ತಿಳಿಯದು.

ತಂಗಿ ಒಂದು ಕ್ಷಣ ನೋಡಿದಳು. ಆಮೇಲೆ ಮೇಜು ಹಿಡಿದು ಮೆಲ್ಲಗೆ ಸ್ಟೂಲಿನಿಂದ ಇಳಿದು, ಕೆಟ್ಟ ಕಾಲನ್ನು ಉದ್ದಕ್ಕೆ ಚಾಚಿ ಅವಳ ಪಕ್ಕದಲ್ಲಿ ಕೂತಳು. ಉದ್ದಕ್ಕ ಮಷೀನಿನ ಸ್ವಿಚ್ಚು ಆರಿಸಿದಳು. ಸೊಂಟ ಹಿಡಿದುಕೊಂಡು, “ಅಮ್ಮಾ” ಎಂದು ನರಳುತ್ತ ಅವಳೂ ಕೂತಳು. ಗುಬ್ಬಿ ಪೆಟ್ಟಿಗೆಯಿಂದ ಇಳಿದಳು. ಒಂದೊಂದಾಗಿ ಮಷೀನುಗಳು ನಿಂತು, ಹಾಲ್‌ನಲ್ಲಿ ಬರೀ ಫ್ಯಾನಿನ ಸದ್ದು ಉಳಿಯಿತು.

ಮ್ಯಾನೇಜರು ಕೋಣೆಯಿಂದ ಓಡೋಡಿ ಬಂದರು. “ಏನಿದು ಲೀಡರ್? ಏನಾಗ್ತಿದೆ ಇಲ್ಲಿ? ಎಬ್ಬಿಸಿ ಇವರನ್ನ!”

ಅಕ್ಕ ನೆಲದಿಂದಲೇ ಮುಖ ಎತ್ತಿದಳು.

“ನಂಗೆ ಇವತ್ತು ಏನೂ ಹೊಳೀತಿಲ್ಲ ಸಾರ್,” ಎಂದಳು. “ನೀವೇ ನಗಿಸಿ ಎಬ್ಬಿಸಿ.”

ಮ್ಯಾನೇಜರು ಸುತ್ತ ನೋಡಿದರು. ಹಾಲ್ ತುಂಬ ಹೆಂಗಸರು ಕಾಲು ಚಾಚಿ ಕೂತು, ಒಬ್ಬಳೂ ನಗದೆ, ಅವರು ಏನು ಹೇಳುತ್ತಾರೋ ಎಂದು ಅವರ ಬಾಯನ್ನೇ ನೋಡುತ್ತಿದ್ದರು.